ಪರದೇಶದ ಎರಡನೆಯ ಮದುವೆ: ಸೈನಿಕ ದಂಪತಿಗಳಲ್ಲಿ ಮೊದಲ ಸಂಗಾತಿಗಿರುವ ಕಾನೂನಿನ ದಾರಿಗಳು



ಈ ದತ್ತಿ ಉಪನ್ಯಾಸದ ವಿಷಯ ಸೈನಿಕ ಕುಟುಂಬಗಳಿಗೆ ಉಪಯೋಗಕ್ಕೆ ಬರುವಂತಿರಲಿ ಎಂಬುದು ದತ್ತಿದಾನಿಗಳ ಆಶಯ. ಹಾಗಾಗಿ ಪಿಂಚಣಿ, ಜಮೀನು ಮಂಜೂರಾತಿಯಂಥ ಪರಿಚಿತ ವಿಷಯಗಳನ್ನು ಬದಿಗಿಟ್ಟು, ಮನೆಯವರು ಹೊರಗೆ ಹೇಳಿಕೊಳ್ಳಲು ಹಿಂಜರಿಯುವ ಒಂದು ಸಂಗತಿಯನ್ನು ಎತ್ತಿಕೊಂಡಿದ್ದೇನೆ. ದಂಪತಿಗಳಲ್ಲಿ ಒಬ್ಬರು ಸೇನೆಯಲ್ಲಿದ್ದಾರೆ. ಇನ್ನೊಬ್ಬರೋ ಅಥವಾ ಅವರೇ ಪರದೇಶಕ್ಕೆ ಹೋಗಿ, ಇಲ್ಲಿ ವಿಚ್ಛೇದನ ಆಗುವ ಮುಂಚೆಯೇ ಅಲ್ಲಿ ಮತ್ತೊಂದು ಮದುವೆಯಾಗುತ್ತಾರೆ. ಉಳಿದ ಸಂಗಾತಿ ಏನು ಮಾಡಬೇಕು?

ನನ್ನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮುಖ್ಯವಾಗಿ 1955ರ ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟ ದಂಪತಿಗಳನ್ನು, ಸೇನೆಗಳ ಪೈಕಿ ಭೂಸೇನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತೇನೆ. ನೌಕಾಪಡೆ, ವಾಯುಪಡೆಗಳಿಗೆ ಅವುಗಳದೇ ಕಾಯ್ದೆಗಳಿವೆ. ತತ್ವ ಬಹುಮಟ್ಟಿಗೆ ಒಂದೇ. ಮೊದಲು ಎರಡನೆಯ ಮದುವೆಗೆ ಕಾನೂನಿನಲ್ಲಿ ಏನು ಬೆಲೆ ಎಂಬುದನ್ನು ನೋಡೋಣ. ಆಮೇಲೆ ಕ್ರಿಮಿನಲ್ ದೂರು, ಅದರ ನಂತರ ಸೇನೆಯ ಒಳಗಿನ ದಾರಿ, ಕೊನೆಗೆ ವಿಚ್ಛೇದನ ಮತ್ತು ದಾಖಲೆಗಳ ಪ್ರಶ್ನೆ. ನನ್ನ ಅಭಿಪ್ರಾಯವನ್ನೂ ಈಗಲೇ ಹೇಳುತ್ತೇನೆ: ಇಂಥ ಪ್ರಕರಣಗಳಲ್ಲಿ ಜನ ಮೊದಲು ಓಡುವುದು ಪೊಲೀಸ್ ಠಾಣೆಗೆ, ಹೋಗಬೇಕಾದದ್ದು ಕೌಟುಂಬಿಕ ನ್ಯಾಯಾಲಯಕ್ಕೆ.

ಚರ್ಚೆಯ ಅನುಕೂಲಕ್ಕೆ ಎರಡು ಕಲ್ಪಿತ ಜೋಡಿಗಳನ್ನು ಇಟ್ಟುಕೊಳ್ಳೋಣ. ಒಬ್ಬ ಹವಾಲ್ದಾರ್, ಲಡಾಖಿನಲ್ಲಿ ಪೋಸ್ಟಿಂಗ್. ಹೆಂಡತಿ ನರ್ಸ್, ಕೆಲಸ ಸಿಕ್ಕಿ ಇಂಗ್ಲೆಂಡಿಗೆ ಹೋದವಳು ಅಲ್ಲೇ ಇನ್ನೊಬ್ಬನನ್ನು ಮದುವೆಯಾಗಿದ್ದಾಳೆ. ಎರಡನೆಯ ಜೋಡಿಯಲ್ಲಿ ತಪ್ಪು ಅಧಿಕಾರಿಯದು. ಹೆಂಡತಿ ಮಕ್ಕಳು ಧಾರವಾಡದಲ್ಲಿದ್ದಾರೆ. ಅವನು ರಜೆಯಲ್ಲಿ ಹೊರದೇಶಕ್ಕೆ ಹೋಗಿ ಅಲ್ಲಿ ಮದುವೆ ನೋಂದಣಿ ಮಾಡಿಸಿಕೊಂಡು ಬಂದಿದ್ದಾನೆ. ಇಬ್ಬರ ಕಥೆಯೂ ಒಂದೇ ಎನಿಸಬಹುದು. ಕಾನೂನಿನಲ್ಲಿ ಅವು ಬೇರೆ ಬೇರೆ ಹಾದಿ ಹಿಡಿಯುತ್ತವೆ.

ಈಗ ಮೊದಲ ಭಾಗಕ್ಕೆ ಬರುತ್ತೇನೆ. ಹಿಂದೂ ವಿವಾಹ ಕಾಯ್ದೆ ಜಾರಿಯಾದದ್ದು 1955ರಲ್ಲಿ. ಮದುವೆಯ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಜೀವಂತ ಸಂಗಾತಿ ಇರಕೂಡದು ಎಂಬುದು ಅದರ ಐದನೆಯ ಕಲಮಿನ ಮೊದಲ ಷರತ್ತು. ಅದನ್ನು ಮೀರಿದ ಮದುವೆ ಹನ್ನೊಂದನೆಯ ಕಲಮಿನಂತೆ ಶೂನ್ಯ. ಕಾಯ್ದೆಯ ಒಂದನೆಯ ಕಲಮೇ ಹೇಳುವಂತೆ, ಭಾರತದಲ್ಲಿ ಕಾಯಂ ನೆಲೆ ಇರುವ ಹಿಂದೂಗಳು ದೇಶದ ಹೊರಗಿದ್ದರೂ ಈ ಕಾನೂನು ಅವರಿಗೆ ಅನ್ವಯಿಸುತ್ತದೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೂ ಕ್ರೈಸ್ತರಿಗೂ ಏಕಪತ್ನಿತ್ವವೇ ನಿಯಮ. ಧರ್ಮ ಬದಲಿಸಿಕೊಂಡು ಎರಡನೆಯ ಮದುವೆಯಾಗುವ ಉಪಾಯಕ್ಕೆ ಸುಪ್ರೀಂ ಕೋರ್ಟು 1995ರ ಸರಳಾ ಮುದ್ಗಲ್ ತೀರ್ಪಿನಲ್ಲಿ ತಡೆ ಹಾಕಿತು. 2000ದ ಲಿಲಿ ಥಾಮಸ್ ತೀರ್ಪಿನಲ್ಲಿ ಅದನ್ನೇ ಗಟ್ಟಿಮಾಡಿತು.

ಆದರೆ ಪರದೇಶದಲ್ಲಿರುವವರು ಸಾಮಾನ್ಯವಾಗಿ ಹೂಡುವ ವಾದ ಬೇರೆ. "ನಾನು ಇಲ್ಲಿನ ಕೋರ್ಟಿನಲ್ಲಿ ಡೈವೋರ್ಸ್ ತಗೊಂಡೇ ಮದುವೆಯಾದದ್ದು" ಎನ್ನುತ್ತಾರೆ. ಈ ಮಾತಿಗೆ ಉತ್ತರ 1991ರ ವೈ. ನರಸಿಂಹ ರಾವ್ ಪ್ರಕರಣದಲ್ಲಿದೆ. ಅದರ ವಿವರ ಸ್ವಲ್ಪ ಕೇಳುವಂಥದು. ಮದುವೆ ನಡೆದದ್ದು 1975ರಲ್ಲಿ ತಿರುಪತಿಯಲ್ಲಿ, ಹಿಂದೂ ವಿಧಿಯಂತೆ. 1978ರಲ್ಲಿ ದಂಪತಿ ಬೇರೆಯಾದರು. ಗಂಡ ಮೊದಲು ತಿರುಪತಿಯ ಕೋರ್ಟಿನಲ್ಲೇ ವಿಚ್ಛೇದನಕ್ಕೆ ಅರ್ಜಿ ಹಾಕಿದ. ಅದು ಬಾಕಿ ಇರುವಾಗಲೇ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ಕೋರ್ಟಿನಲ್ಲಿ ಇನ್ನೊಂದು ಅರ್ಜಿ ಹಾಕಿದ. ಹೆಂಡತಿ ಇಲ್ಲಿಂದಲೇ ಆಕ್ಷೇಪ ಬರೆದು ಕಳಿಸಿದಳು. ಆಕೆ ಹಾಜರಿಲ್ಲದೆಯೇ 1980ರಲ್ಲಿ ಅಲ್ಲಿ ವಿಚ್ಛೇದನದ ಡಿಕ್ರಿ ಆಯಿತು. ಮರುವರ್ಷ ಆತ ಯಾದಗಿರಿಗುಟ್ಟದಲ್ಲಿ ಮತ್ತೊಂದು ಮದುವೆಯಾದ. ಮೊದಲ ಹೆಂಡತಿ ದ್ವಿವಿವಾಹದ ದೂರು ಕೊಟ್ಟಳು. ಸುಪ್ರೀಂ ಕೋರ್ಟಿನ ತೀರ್ಪು ಬರುವ ಹೊತ್ತಿಗೆ ಸುಮಾರು ಹತ್ತು ವರ್ಷ ಕಳೆದಿತ್ತು.

ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ದಂಪತಿ ಯಾವ ಕಾನೂನಿನಡಿ ಮದುವೆಯಾದರೋ ಆ ಕಾನೂನು ಒಪ್ಪುವ ನ್ಯಾಯಾಲಯ, ಆ ಕಾನೂನು ಒಪ್ಪುವ ಕಾರಣಕ್ಕೆ ಕೊಟ್ಟ ವಿಚ್ಛೇದನಕ್ಕೆ ಮಾತ್ರ ಇಲ್ಲಿ ಬೆಲೆ. ಇದಕ್ಕೆ ವಿನಾಯಿತಿಗಳಿವೆ. ಎದುರು ಪಕ್ಷದವರು ತಾವಾಗಿಯೇ ಆ ಕೋರ್ಟಿಗೆ ಹಾಜರಾಗಿ, ನಮ್ಮ ಕಾನೂನಿನಲ್ಲೂ ಇರುವ ಕಾರಣದ ಮೇಲೆ ವಾದ ಮಾಡಿದ್ದರೆ, ಅಥವಾ ವಿಚ್ಛೇದನಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಆ ಮಾತು ಬೇರೆ. ಇದರಿಂದ ಸೈನಿಕ ಕುಟುಂಬಗಳು ತಿಳಿಯಬೇಕಾದ ಒಂದು ಎಚ್ಚರಿಕೆ ಇದೆ. ಪರದೇಶದ ಕೋರ್ಟಿನಿಂದ ಕಾಗದ ಬಂದಾಗ ಗಾಬರಿಬಿದ್ದು, ಇಮೇಲಿನಲ್ಲಿ "ನನಗೇನೂ ಅಭ್ಯಂತರವಿಲ್ಲ" ಎಂದು ಬರೆದುಬಿಡಬೇಡಿ. ಆ ಒಂದು ಸಾಲು ಮುಂದೆ ಒಪ್ಪಿಗೆಯ ಪುರಾವೆಯಾಗಿ ಕೂರಬಹುದು. ವಕೀಲರನ್ನು ಕಾಣುವ ತನಕ ಏನನ್ನೂ ಬರೆಯದಿರುವುದು ಕ್ಷೇಮ.

ಆದ್ದರಿಂದ ನಮ್ಮ ಹವಾಲ್ದಾರನ ಹೆಂಡತಿ ಇಂಗ್ಲೆಂಡಿನಲ್ಲಿ ಮಾಡಿಕೊಂಡ ಮದುವೆ ಆಕೆಯ ಮೊದಲ ಮದುವೆಯನ್ನು ಮುಗಿಸಲಿಲ್ಲ. ಅಷ್ಟೇ ಅಲ್ಲ, ಅಲ್ಲಿಯ 1973ರ ಮ್ಯಾಟ್ರಿಮೋನಿಯಲ್ ಕಾಸಸ್ ಕಾಯ್ದೆಯ ಪ್ರಕಾರವೂ ಅದು ಶೂನ್ಯವೇ. ಇದರ ಇನ್ನೊಂದು ಮುಖವನ್ನು ಹೆಚ್ಚಿನವರು ಯೋಚಿಸುವುದಿಲ್ಲ: ಹವಾಲ್ದಾರನೂ ಇನ್ನೂ ವಿವಾಹಿತ. "ಅವಳೇ ಬಿಟ್ಟು ಮದುವೆಯಾದಳಲ್ಲ, ನಾನೂ ಆಗುತ್ತೇನೆ" ಎಂದು ಊರಿನಲ್ಲಿ ಹಿರಿಯರ ಮುಂದೆ ತಾಳಿ ಕಟ್ಟಿದರೆ ಅವನೂ ಅಪರಾಧಿಯೇ. ಮೇಲೆ ಅವನ ನೌಕರಿಗೂ ಕುತ್ತು.

ಇನ್ನು ಎರಡನೆಯ ಭಾಗ, ಕ್ರಿಮಿನಲ್ ದೂರು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ 494, 495ನೇ ಕಲಮುಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮು ಬಂದಿದೆ. ಸಂಗಾತಿ ಬದುಕಿರುವಾಗ ಇನ್ನೊಂದು ಮದುವೆಯಾದರೆ ಏಳು ವರ್ಷದವರೆಗೆ ಶಿಕ್ಷೆ. ಮೊದಲ ಮದುವೆಯನ್ನು ಮುಚ್ಚಿಟ್ಟು ಆದರೆ ಹತ್ತು ವರ್ಷದವರೆಗೆ. ಶಿಕ್ಷೆ ಕೇಳಲು ದೊಡ್ಡದು. ಆದರೆ ಇದು ಜಾಮೀನು ಸಿಗುವ ಅಪರಾಧ, ಮತ್ತು ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ಬಂಧಿಸುವ ಅಪರಾಧವಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹೂಡಬೇಕು. ಠಾಣೆಯಲ್ಲಿ "ಇದು ನಮ್ಮಲ್ಲಿ ಬರುವುದಿಲ್ಲ" ಎಂದು ಹೇಳಿ ಕಳಿಸಿದಾಗ ಜನ ಸಿಟ್ಟಾಗುತ್ತಾರೆ. ಈ ಒಂದು ವಿಷಯದಲ್ಲಿ ಪೊಲೀಸರ ಮಾತು ಸರಿ.

ಇಲ್ಲಿ ಸೈನಿಕನಿಗೆಂದೇ ಕಾನೂನು ಮಾಡಿಕೊಟ್ಟಿರುವ ಒಂದು ಅವಕಾಶವಿದೆ. ವಕೀಲರಲ್ಲೂ ಬಹಳ ಮಂದಿ ಇದನ್ನು ಬಳಸಿದ್ದಿಲ್ಲ. ಹಾಗಾಗಿ ತುಸು ನಿಧಾನವಾಗಿ ಹೇಳುತ್ತೇನೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 219ನೇ ಕಲಮು, ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ 198, ಮದುವೆಗೆ ಸಂಬಂಧಿಸಿದ ಅಪರಾಧಗಳಲ್ಲಿ ನೊಂದವರು ಮಾತ್ರ ದೂರು ಕೊಡಬೇಕು ಎನ್ನುತ್ತದೆ. ಅದರ ಪರಂತುಕದಲ್ಲಿ ಹೀಗಿದೆ: ನೊಂದವನು ಗಂಡನಾಗಿದ್ದು, ಸಶಸ್ತ್ರ ಪಡೆಯಲ್ಲಿ ಸೇವೆಯಲ್ಲಿದ್ದು, ಖುದ್ದಾಗಿ ಬಂದು ದೂರು ಕೊಡಲು ರಜೆ ಸಿಗುವ ಸ್ಥಿತಿಯಲ್ಲಿಲ್ಲ ಎಂದು ಕಮಾಂಡಿಂಗ್ ಆಫೀಸರ್ ದೃಢೀಕರಿಸಿದರೆ, ಅವನ ಪರವಾಗಿ ಬೇರೊಬ್ಬರು ದೂರು ಕೊಡಬಹುದು. ಅದಕ್ಕೆ ಬೇಕಾದ ಕಾಗದಗಳು ಎರಡು. ಮೊದಲನೆಯದು ಅಧಿಕಾರಪತ್ರ: ಬರವಣಿಗೆಯಲ್ಲಿರಬೇಕು, ಸೈನಿಕನ ಸಹಿ ಇರಬೇಕು, ದೂರಿನಲ್ಲಿರುವ ಆರೋಪಗಳು ಏನೆಂಬುದು ತನಗೆ ತಿಳಿದಿದೆ ಎಂದು ಅವನು ಹೇಳಿರಬೇಕು, ಕಮಾಂಡಿಂಗ್ ಆಫೀಸರ್ ಮೇಲುರುಜು ಹಾಕಿರಬೇಕು. ಎರಡನೆಯದು, ಸದ್ಯಕ್ಕೆ ರಜೆ ಕೊಡಲಾಗದು ಎಂಬ ಅದೇ ಅಧಿಕಾರಿಯ ಪ್ರಮಾಣಪತ್ರ. ಈ ಕಾಗದಗಳನ್ನು ಹಾಜರುಪಡಿಸಿದರೆ, ಸುಳ್ಳೆಂದು ಸಾಬೀತಾಗುವ ತನಕ ಅವು ನಿಜವೆಂದೇ ನ್ಯಾಯಾಲಯ ಭಾವಿಸುತ್ತದೆ. ಲಡಾಖಿನಲ್ಲಿರುವ ಮಗನ ಪರವಾಗಿ ಹಾಸನದಲ್ಲಿರುವ ಅಪ್ಪ ದೂರು ಹೂಡಬಹುದು. ನಾಗರಿಕ ಗಂಡನಿಗೆ ಈ ಅನುಕೂಲವಿಲ್ಲ.

ನೊಂದವಳು ಹೆಂಡತಿಯಾದರೆ ಕಾನೂನು ಇನ್ನೂ ಉದಾರ. ಆಕೆಯ ಪರವಾಗಿ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು, ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಚಿಕ್ಕಮ್ಮ ಯಾರು ಬೇಕಾದರೂ ದೂರು ಕೊಡಬಹುದು. ಕಮಾಂಡಿಂಗ್ ಆಫೀಸರರ ಕಾಗದ ಬೇಡ. ಇಲ್ಲೊಂದು ಪಕ್ಕದ ಮಾತು. ಈ ಪರಂತುಕ ಬರೆದವರ ಕಣ್ಣಿಗೆ ಸೈನಿಕನೆಂದರೆ ಗಂಡಸೇ. 2021ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದಲೇ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಅವರಲ್ಲೊಬ್ಬಳ ಗಂಡ ಹೊರದೇಶದಲ್ಲಿ ಮದುವೆಯಾದರೆ ದೂರಿಗೆ ತೊಂದರೆಯಿಲ್ಲ, ತಾಯಿ ಕೊಡಬಹುದು. ಆದರೆ ಅದು ಹೆಂಡತಿ ಎಂಬ ಕಾರಣಕ್ಕೆ ಸಿಗುವ ಸೌಲಭ್ಯ, ಸೈನಿಕಳೆಂಬ ಕಾರಣಕ್ಕಲ್ಲ. 2023ರಲ್ಲಿ ಹೊಸ ಸಂಹಿತೆ ಬರೆಯುವಾಗಲಾದರೂ ಈ ವಾಕ್ಯವನ್ನು ತಿದ್ದಬಹುದಿತ್ತು. ಹಾಗೇ ಎತ್ತಿ ಇಟ್ಟರು.

ದೂರು ಎಲ್ಲಿ ಕೊಡಬೇಕು? ಮೊದಲ ಸಂಗಾತಿಯ ಜೊತೆ ಆರೋಪಿ ಕೊನೆಯದಾಗಿ ವಾಸವಿದ್ದ ಊರಿನ ಕೋರ್ಟಿನಲ್ಲಿ ಕೊಡಬಹುದು. ಹೆಂಡತಿಯಾದರೆ, ಅಪರಾಧ ನಡೆದ ಮೇಲೆ ತಾನು ಕಾಯಂ ನೆಲೆಸಿದ ಊರಿನಲ್ಲೂ ಕೊಡಬಹುದು. ಧಾರವಾಡದ ಹೆಂಗಸು ಧಾರವಾಡದಲ್ಲೇ ದೂರು ಹೂಡಲು ಅಡ್ಡಿಯಿಲ್ಲ. ಆದರೆ ಅಪರಾಧ ದೇಶದ ಹೊರಗೆ ನಡೆದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 208ನೇ ಕಲಮಿನ ಪ್ರಕಾರ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ದೂರನ್ನು ಪರಿಗಣನೆಗೆ ತೆಗೆದುಕೊಳ್ಳುವ ಹಂತದವರೆಗೆ ಅನುಮತಿ ಬೇಡ, ಅದನ್ನು ದಾಟಿ ವಿಚಾರಣೆ ನಡೆಸಲು ಬೇಕು ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ಇನ್ನೊಂದು ತೊಡಕು ಪೌರತ್ವದ್ದು. ನಮ್ಮ ನ್ಯಾಯ ಸಂಹಿತೆ ದೇಶದ ಹೊರಗೆ ಬೆನ್ನಟ್ಟುವುದು ಭಾರತದ ಪ್ರಜೆಯನ್ನು. ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡು ಪೌರತ್ವವಲ್ಲ. ಆದ್ದರಿಂದ ಪೌರತ್ವ ಬದಲಾದ ತಾರೀಕು ಮೊದಲೋ, ಎರಡನೆಯ ಮದುವೆಯ ತಾರೀಕು ಮೊದಲೋ ಎಂಬುದನ್ನು ನೋಡದೆ ದೂರು ಬರೆಯಕೂಡದು.

ಇಷ್ಟಾದ ಮೇಲೆ ಪುರಾವೆಯ ಪ್ರಶ್ನೆ. ಸೈನಿಕನ ತಾಯಿ ನನ್ನ ಕಚೇರಿಗೆ ಬಂದು ಸೊಸೆಯ ಫೇಸ್‌ಬುಕ್ ಫೋಟೊ ತೋರಿಸುತ್ತಾಳೆ. ಬಿಳಿ ಗೌನು, ಕೈಯಲ್ಲಿ ಹೂಗುಚ್ಛ, ಪಕ್ಕದಲ್ಲಿ ಕೋಟು ತೊಟ್ಟವನು. "ಇನ್ನೇನು ಸಾಕ್ಷಿ ಬೇಕು ಮೇಡಂ?" ಎನ್ನುತ್ತಾಳೆ. ಬೇಕು ಅಮ್ಮ, ಬಹಳ ಬೇಕು. 1965ರ ಭಾವುರಾವ್ ಲೋಖಂಡೆ ತೀರ್ಪಿನಿಂದ ಈಚೆಗೆ ನಮ್ಮ ನ್ಯಾಯಾಲಯಗಳು ಒಂದೇ ಮಾತು ಹೇಳುತ್ತ ಬಂದಿವೆ: ಎರಡನೆಯ ಮದುವೆ ವಿಧಿಪೂರ್ವಕವಾಗಿ ನಡೆದಿದ್ದರೆ ಮಾತ್ರ ದ್ವಿವಿವಾಹ. ಒಟ್ಟಿಗೆ ಬಾಳುವುದು, ಊರಿಗೆಲ್ಲ ಗಂಡಹೆಂಡತಿ ಎಂದು ಹೇಳಿಕೊಳ್ಳುವುದು ಸಾಲದು. ಇಲ್ಲಿಯ ಗುಡಿಯಲ್ಲಿ ನಡೆದ ಗುಟ್ಟಿನ ಮದುವೆಗಳಲ್ಲಿ ಹೋಮ ಆಯಿತೆ, ಸಪ್ತಪದಿ ಆಯಿತೆ ಎಂದು ಸಾಬೀತು ಮಾಡಲಾಗದೆ ಎಷ್ಟೋ ದೂರುಗಳು ಬಿದ್ದುಹೋಗಿವೆ.

ಪರದೇಶದ ಮದುವೆ ಈ ವಿಷಯದಲ್ಲಿ ಮೊದಲ ಸಂಗಾತಿಗೇ ಅನುಕೂಲ. ಇಂಗ್ಲೆಂಡಿನಲ್ಲಿ ನೋಂದಣಿ ಕಚೇರಿಯ ಮದುವೆಗೆ ಮುಂಚಿತವಾಗಿ ನೋಟಿಸು ಕೊಡಬೇಕು. ಸಾಮಾನ್ಯವಾಗಿ 28 ದಿನ ಅದು ಸಾರ್ವಜನಿಕ ಪ್ರಕಟಣೆಯಲ್ಲಿರಬೇಕು. ವೈವಾಹಿಕ ಸ್ಥಿತಿ ಏನೆಂದು ಬರೆದು ಸಹಿ ಹಾಕಬೇಕು. ಅಲ್ಲಿ ನಡೆದ ಮದುವೆಯ ಪ್ರಮಾಣಪತ್ರದ ದೃಢೀಕೃತ ಪ್ರತಿಯನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಜನರಲ್ ರಿಜಿಸ್ಟರ್ ಆಫೀಸಿನಿಂದ ತರಿಸಿಕೊಳ್ಳಬಹುದು. ನಮ್ಮ ಹವಾಲ್ದಾರ್ ಕೂಡ. ಆ ಪ್ರತಿಗೆ ಅಪೊಸ್ಟಿಲ್, ಅಂದರೆ ದಾಖಲೆ ಅಸಲಿ ಎಂಬ ಅಲ್ಲಿಯ ಸರ್ಕಾರದ ದೃಢೀಕರಣ, ಹಾಕಿಸಿ ತಂದರೆ ಇಲ್ಲಿಯ ನ್ಯಾಯಾಲಯದಲ್ಲಿ ಅದು ನಿಲ್ಲುತ್ತದೆ. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ. ಫೋಟೊಕಾಪಿ ತಂದರೆ ನಿಲ್ಲುವುದಿಲ್ಲ. ಬೇಕಾದ ದೃಢೀಕರಣವಿಲ್ಲದ ಕಾರಣಕ್ಕೆ ಮಿಸೌರಿಯ ಡಿಕ್ರಿಯ ಫೋಟೊಕಾಪಿಯನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ ಎಂಬುದನ್ನು ನೆನಪಿಡಿ. ಇದರ ಜೊತೆಗೆ, ಮದುವೆ ನಡೆದದ್ದು ಇಂಗ್ಲೆಂಡಿನ ನೆಲದಲ್ಲಾದರೆ 1861ರಿಂದ ಅಲ್ಲಿರುವ ಕಾನೂನಿನಂತೆ ಅಲ್ಲೂ ಅದು ಏಳು ವರ್ಷದವರೆಗೆ ಶಿಕ್ಷೆಯಾಗಬಲ್ಲ ಅಪರಾಧ. ಅಲ್ಲಿಯ ಪೊಲೀಸರಿಗೂ ದೂರು ಬರೆಯಬಹುದು. ವೀಸಾ ಕೊಟ್ಟ ಇಲಾಖೆಗೆ ನಿಜಸಂಗತಿ ತಿಳಿಸುವುದೂ ತಪ್ಪಲ್ಲ, ಆದರೆ ದ್ವೇಷಕ್ಕಾಗಿ ಉತ್ಪ್ರೇಕ್ಷೆ ಮಾಡಿ ಬರೆಯಬೇಡಿ.

ಶಿಕ್ಷೆ ನಿಜವಾಗಿ ಎಷ್ಟಾಗುತ್ತದೆ ಎಂದು ಕೇಳುವವರಿಗೆ 2024ರ ಜುಲೈ ತಿಂಗಳ ಒಂದು ಸುಪ್ರೀಂ ಕೋರ್ಟು ತೀರ್ಪನ್ನು ಹೇಳುತ್ತೇನೆ. ವಿಚ್ಛೇದನದ ಅರ್ಜಿ ಬಾಕಿ ಇರುವಾಗಲೇ ಹೆಂಡತಿ ಇನ್ನೊಬ್ಬನನ್ನು ಮದುವೆಯಾಗಿದ್ದಳು. ಹೈಕೋರ್ಟು ಅಪರಾಧ ಸಾಬೀತಾಯಿತೆಂದು ಹೇಳಿ, ಕಲಾಪ ಮುಗಿಯುವ ತನಕ ಕೋರ್ಟಿನಲ್ಲಿ ಕೂರುವ ಶಿಕ್ಷೆ ಕೊಟ್ಟಿತ್ತು. ಇಷ್ಟು ಗಂಭೀರ ಅಪರಾಧಕ್ಕೆ ಇದು ತೀರಾ ಕಡಿಮೆ ಎಂದು ಸುಪ್ರೀಂ ಕೋರ್ಟು ಇಬ್ಬರಿಗೂ ಆರಾರು ತಿಂಗಳ ಸಜೆ ಹಾಕಿತು. ಅವರಿಗೆ ಚಿಕ್ಕ ಮಗು ಇದ್ದುದರಿಂದ ಮೊದಲು ಅವನು ಹೋಗಿ ಬರಲಿ, ಅವನ ಸಜೆ ಮುಗಿದ ಮೇಲೆ ಅವಳು ಶರಣಾಗಲಿ ಎಂದು ಕ್ರಮ ಹಾಕಿಕೊಟ್ಟಿತು. ಮದುವೆಗೆ ಬಂದ ನೆಂಟರನ್ನೆಲ್ಲ ಆರೋಪಿಗಳಾಗಿ ಸೇರಿಸುವ ಚಾಳಿಗೂ ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ ನ್ಯಾಯಾಲಯ ಕಡಿವಾಣ ಹಾಕಿದೆ. ನನ್ನ ಅನುಭವದ ಮಾತು ಇದು: ಆರೋಪಿ ಪರದೇಶದಲ್ಲೇ ಉಳಿದರೆ ಕ್ರಿಮಿನಲ್ ದೂರು ವರ್ಷಗಟ್ಟಲೆ ಸಮನ್ಸಿನ ಹಂತದಲ್ಲೇ ನಿಂತಿರುತ್ತದೆ. ಜಾಮೀನು ಸಿಗುವ ಅಪರಾಧಕ್ಕಾಗಿ ಯಾರನ್ನೂ ಅಲ್ಲಿಂದ ಹಿಡಿದು ತರಿಸುವುದು ಕಾರ್ಯಸಾಧ್ಯವಲ್ಲ. ದೂರು ಕೊಡಲು ಕಾಲಮಿತಿಯಿಲ್ಲ. ಶಿಕ್ಷೆ ಮೂರು ವರ್ಷ ಮೀರಿದ ಅಪರಾಧಗಳಿಗೆ ಕಾಲಮಿತಿ ಅನ್ವಯಿಸುವುದಿಲ್ಲ. ಹಾಗಾಗಿ ಅವಸರವೂ ಬೇಡ.

ಈಗ ಮೂರನೆಯ ಭಾಗಕ್ಕೆ, ಸೇನೆಯ ಒಳಗಿನ ದಾರಿಗೆ ಬರೋಣ. ಇದು ನಮ್ಮ ಎರಡನೆಯ ಜೋಡಿಗೆ, ಅಂದರೆ ಧಾರವಾಡದ ಹೆಂಡತಿಗೆ ಸಂಬಂಧಿಸಿದ್ದು. ಸೇನಾ ನಿಯಮಾವಳಿಯ 333ನೇ ಪ್ಯಾರಾ ಬಹುವಿವಾಹವನ್ನು ನಿಷೇಧಿಸುತ್ತದೆ. ವೈಯಕ್ತಿಕ ಕಾನೂನು ಅವಕಾಶ ಕೊಡುವ ಮುಸ್ಲಿಂ ಸೈನಿಕನೂ ಪೂರ್ವಾನುಮತಿ ಪಡೆಯಬೇಕು. ಹೆಂಡತಿ ಗಂಡನ ಕಮಾಂಡಿಂಗ್ ಆಫೀಸರಿಗೆ ದಾಖಲೆ ಸಮೇತ ದೂರು ಬರೆದರೆ ವಿಚಾರಣೆ ಆರಂಭವಾಗುತ್ತದೆ. 1950ರ ಸೇನಾ ಕಾಯ್ದೆಯ 69ನೇ ಕಲಮಿನಂತೆ ನಾಗರಿಕ ಅಪರಾಧಗಳನ್ನು ಕೋರ್ಟ್ ಮಾರ್ಷಲ್ ವಿಚಾರಿಸಬಹುದು. ಆದರೆ 122ನೇ ಕಲಮಿನ ಮೂರು ವರ್ಷದ ಗಡುವು ಅದಕ್ಕಿದೆ. ಗಡುವು ಮೀರಿದಾಗಲೂ, ಕೋರ್ಟ್ ಮಾರ್ಷಲ್ ಸೂಕ್ತವಲ್ಲ ಎನಿಸಿದಾಗಲೂ ಷೋಕಾಸ್ ನೋಟಿಸು ಕೊಟ್ಟು ಆಡಳಿತಾತ್ಮಕವಾಗಿ ಸೇವೆಯಿಂದ ತೆಗೆಯುವ ಅಧಿಕಾರ 19, 20ನೇ ಕಲಮುಗಳಲ್ಲಿದೆ. 2018ರಲ್ಲಿ ಸುಪ್ರೀಂ ಕೋರ್ಟು ವ್ಯಭಿಚಾರದ ಕಲಮನ್ನು ರದ್ದುಮಾಡಿದಾಗ ಇನ್ನು ಸೇನೆಯಲ್ಲೂ ಕ್ರಮವಿಲ್ಲ ಎಂದು ಕೆಲವರು ಭಾವಿಸಿದ್ದರು. 2023ರ ಜನವರಿಯಲ್ಲಿ ಸಂವಿಧಾನ ಪೀಠವೇ ಆ ಅನುಮಾನವನ್ನು ನಿವಾರಿಸಿತು. ಸೇನಾ ಶಿಸ್ತಿನ ಕ್ರಮಕ್ಕೆ ಆ ತೀರ್ಪು ಅಡ್ಡಬರುವುದಿಲ್ಲ.

ಇಲ್ಲಿ ಹೆಂಡತಿಯರಿಗೆ ಒಂದು ಕಹಿಮಾತು ಹೇಳಲೇಬೇಕು. ಗಂಡನನ್ನು ವಜಾ ಮಾಡಿಸುವುದು ಗೆಲುವಿನ ಹಾಗೆ ಕಾಣುತ್ತದೆ. ವಜಾ ಆದವನಿಗೆ ಸಾಮಾನ್ಯವಾಗಿ ಪಿಂಚಣಿ ಇಲ್ಲ. ಸಂಬಳ ನಿಂತ ಮೇಲೆ ಜೀವನಾಂಶ ಎಲ್ಲಿಂದ ಬರಬೇಕು? ಹಾಗಾಗಿ ಮೊದಲು ಜೀವನಾಂಶವನ್ನು ಭದ್ರಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಸೈನಿಕನ ಸಂಬಳವನ್ನು ಸಿವಿಲ್ ಕೋರ್ಟಿನ ಡಿಕ್ರಿಗಾಗಿ ಜಪ್ತಿ ಮಾಡಲು ಸೇನಾ ಕಾಯ್ದೆಯ 28ನೇ ಕಲಮು ಬಿಡುವುದಿಲ್ಲ. ಅದಕ್ಕೆ ಬದಲಾಗಿ ಅಧಿಕಾರಿಗಳ ಮಟ್ಟಿಗೆ 90, ಉಳಿದವರ ಮಟ್ಟಿಗೆ 91ನೇ ಕಲಮು, ಹೆಂಡತಿ ಮಕ್ಕಳ ನಿರ್ವಹಣೆಗೆಂದು ಸಂಬಳದಿಂದ ನೇರವಾಗಿ ಕಡಿತ ಮಾಡಲು ಅವಕಾಶ ಕೊಟ್ಟಿದೆ. ವಕೀಲರಿಲ್ಲದೆ, ಕೋರ್ಟು ಶುಲ್ಕವಿಲ್ಲದೆ, ಬರೀ ಅರ್ಜಿಯ ಮೇಲೆ ನಡೆಯುವ ಕೆಲಸ ಇದು. ಕಡಿತದ ಒಟ್ಟು ಮಿತಿ ಸಂಬಳ ಭತ್ಯೆಗಳ ಶೇ. 33. ಇದರ ಜೊತೆಗೆ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಮ್ಯಾಜಿಸ್ಟ್ರೇಟರಲ್ಲೂ, ವಿಚ್ಛೇದನದ ಅರ್ಜಿಯ ಒಳಗೆ ಮಧ್ಯಂತರವಾಗಿಯೂ ಕೇಳಬಹುದು. ಮೋಸಹೋದ ಎರಡನೆಯ ಹೆಂಡತಿಯ ಪಾಡೇನು ಎಂದು ವಿದ್ಯಾರ್ಥಿಗಳು ಕೇಳಬಹುದು. 2025ರ ಫೆಬ್ರವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮದುವೆ ಶೂನ್ಯವೆಂದು ಘೋಷಣೆಯಾದರೂ ಶಾಶ್ವತ ಜೀವನಾಂಶ ಕೇಳಬಹುದು, ಕೊಡುವುದು ನ್ಯಾಯಾಲಯದ ವಿವೇಚನೆ ಎಂದಿದೆ. ಶೂನ್ಯ ಮದುವೆಯ ಮಕ್ಕಳು ಹಿಂದೂ ವಿವಾಹ ಕಾಯ್ದೆಯ ಹದಿನಾರನೆಯ ಕಲಮಿನಂತೆ ಔರಸರೇ.

ಕೊನೆಯ ಭಾಗ ವಿಚ್ಛೇದನದ್ದು. ಶುರುವಿನಲ್ಲಿ ಹೇಳಿದ ನನ್ನ ಅಭಿಪ್ರಾಯಕ್ಕೆ ಕಾರಣ ಇಲ್ಲಿದೆ. ಇನ್ನೊಬ್ಬರ ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯ ಹನ್ನೊಂದನೆಯ ಕಲಮಿನಡಿ ಶೂನ್ಯ ಎಂದು ಘೋಷಿಸಿಕೊಡಿ ಎಂದು ಮೊದಲ ಸಂಗಾತಿ ಕೇಳುವಂತಿಲ್ಲ. ಆ ಕಲಮು ಆ ಮದುವೆಯ ಇಬ್ಬರಿಗೆ ಮಾತ್ರ. ಬೇಕಾದರೆ ಕೌಟುಂಬಿಕ ನ್ಯಾಯಾಲಯದಲ್ಲಿ ಘೋಷಣೆಯ ದಾವೆ ಹೂಡಬೇಕು. ಆದರೆ ಹೆಚ್ಚಿನವರಿಗೆ ಬೇಕಿರುವುದು ತಮ್ಮ ಸ್ವಂತ ಬಿಡುಗಡೆ. ಅದಕ್ಕೆ ಹದಿಮೂರನೆಯ ಕಲಮಿನಲ್ಲಿ ವ್ಯಭಿಚಾರ, ಕ್ರೌರ್ಯ, ಎರಡು ವರ್ಷದ ಪರಿತ್ಯಾಗ ಮೂರೂ ಕಾರಣಗಳು ಸಿಗುತ್ತವೆ. ಕ್ರಿಮಿನಲ್ ಕೋರ್ಟಿನಲ್ಲಿ ಸಾಲದೆ ಹೋದ ಫೋಟೊ, ಮೆಸೇಜು, ಬಾಡಿಗೆ ಕರಾರು ಇಲ್ಲಿ ಪ್ರಯೋಜನಕ್ಕೆ ಬರುತ್ತವೆ, ಏಕೆಂದರೆ ಇಲ್ಲಿ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ.

ಎದುರು ಪಕ್ಷ ದೇಶದ ಹೊರಗಿದ್ದರೆ ಅರ್ಜಿದಾರನು ತಾನು ವಾಸವಿರುವ ಊರಿನಲ್ಲೇ ಅರ್ಜಿ ಹಾಕಲು ಅದೇ ವಿವಾಹ ಕಾಯ್ದೆಯ ಹತ್ತೊಂಬತ್ತನೆಯ ಕಲಮು ಬಿಡುತ್ತದೆ. ಸಮನ್ಸನ್ನು ಹೇಗ್ ಒಪ್ಪಂದದ ಪ್ರಕಾರ ಕೇಂದ್ರ ಕಾನೂನು ಸಚಿವಾಲಯದ ಮೂಲಕ ಕಳಿಸಬೇಕು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಸಂಗಾತಿಯ ಪರದೇಶದ ವಿಳಾಸ, ಕೆಲಸದ ಜಾಗ, ಇಮೇಲು ಇವನ್ನು ಮೊದಲ ದಿನವೇ ಕಲೆಹಾಕಿ. ರಜೆಯ ಸಮಸ್ಯೆಗೂ ಕಾನೂನಿನಲ್ಲಿ ಪರಿಹಾರವಿದೆ. ಕೇಸಿಗಾಗಿ ರಜೆ ಹಾಕಿ ಬಂದಿದ್ದೇನೆ ಎಂಬ ಪ್ರಮಾಣಪತ್ರ ತೋರಿಸಿದರೆ, ಆದಷ್ಟೂ ಆ ರಜೆಯೊಳಗೇ ವಿಚಾರಣೆ ಇಟ್ಟುಕೊಳ್ಳಬೇಕು ಎನ್ನುತ್ತದೆ ಸೇನಾ ಕಾಯ್ದೆಯ 32ನೇ ಕಲಮು. ಯುದ್ಧ ಅಥವಾ ವಿಶೇಷ ಪರಿಸ್ಥಿತಿಯಲ್ಲಿರುವ ಸೈನಿಕನ ಗೈರುಹಾಜರಿಯಲ್ಲಿ ಅವನ ವಿರುದ್ಧ ಪ್ರಕರಣ ಮುಂದುವರಿಯದಂತೆ 1925ರ ಸೈನಿಕರ ವ್ಯಾಜ್ಯ ಕಾಯ್ದೆ ತಡೆಯುತ್ತದೆ. ನೂರು ವರ್ಷದ ಹಳೆಯ ಕಾಯ್ದೆ. ಈಗಲೂ ಕೆಲಸ ಮಾಡುತ್ತದೆ, ವಕೀಲರು ಎತ್ತಿ ತೋರಿಸಿದರೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನೂ ಕಡೆಗಣಿಸಬೇಡಿ. ಪರದೇಶದಲ್ಲಿ ಮದುವೆಯಾದವರಿಗೆ ನಿಮಗಿಂತ ಹೆಚ್ಚಾಗಿ ಈ ಡಿಕ್ರಿ ಬೇಕಾಗಿರುತ್ತದೆ. ಅದಿಲ್ಲದೆ ಅವರ ಹೊಸ ಸಂಸಾರ ಕಾಗದದ ಮೇಲೆ ನಿಲ್ಲುವುದಿಲ್ಲ. ಡಿಕ್ರಿ ಆದ ಮೇಲೂ ಅವರು ಮತ್ತೊಮ್ಮೆ ಮದುವೆಯಾಗಲೇಬೇಕು. ಈ ಅಗತ್ಯ ನಿಮ್ಮ ಕೈಯಲ್ಲಿರುವ ಬಲ. ಒಡವೆ, ಮಕ್ಕಳ ಸುಪರ್ದಿ, ಬಾಕಿ ಸಾಲ, ಎಲ್ಲವನ್ನೂ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಂಡು ಒಪ್ಪಿಗೆ ಕೊಡಿ. ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲೇ ತೀರ್ಮಾನವಾಗಿದೆ.

ಡಿಕ್ರಿ ಕೈಗೆ ಬರುವ ತನಕ ಸೇನೆಯ ದಾಖಲೆಯಲ್ಲಿ ಏನಿರುತ್ತದೆ ಎಂಬುದು ಇನ್ನೂ ಮುಖ್ಯ. ಮದುವೆಯಾದಾಗ ಪಾರ್ಟ್ ಟೂ ಆರ್ಡರ್ ಎಂಬ ಸೇವಾ ದಾಖಲೆಯಲ್ಲಿ ಹೆಂಡತಿಯ ಹೆಸರು ಸೇರುತ್ತದೆ. "ಅವಳು ಬೇರೆ ಮದುವೆಯಾಗಿದ್ದಾಳೆ" ಎಂಬ ಅಫಿಡವಿಟ್ ಕೊಟ್ಟರೆ ರೆಕಾರ್ಡ್ ಆಫೀಸು ಆ ಹೆಸರು ತೆಗೆಯುವುದಿಲ್ಲ. ನ್ಯಾಯಾಲಯದ ಆದೇಶ ಕೇಳುತ್ತದೆ. ಹವಾಲ್ದಾರನಿಗೆ ನಾಳೆ ಏನಾದರೂ ಆದರೆ ಕುಟುಂಬ ಪಿಂ‌ಚಣಿಯ ಕಾಗದದಲ್ಲಿ ಹೆಂಡತಿ ಎಂದು ಇರುವುದು ಇಂಗ್ಲೆಂಡಿನಲ್ಲಿರುವವಳ ಹೆಸರೇ. ಊರಿನಲ್ಲಿ ಮಗನನ್ನೇ ನಂಬಿಕೊಂಡ ತಾಯಿಗೆ ಆಗ ಎದುರಾಗುವುದು ಉದ್ದದ ವ್ಯಾಜ್ಯ. ಗುಂಪು ವಿಮೆ, ಭವಿಷ್ಯ ನಿಧಿಗಳಲ್ಲಿ ನಿಯಮ ಬಿಟ್ಟಷ್ಟು ಮಟ್ಟಿಗೆ ನಾಮನಿರ್ದೇಶನವನ್ನು ಕೂಡಲೇ ಪರಿಶೀಲಿಸಿ, ಬದಲಿಸಿ. ನಾಮನಿರ್ದೇಶಿತರು ಹಣ ಪಡೆಯುವವರೇ ಹೊರತು ಎಲ್ಲ ಸಂದರ್ಭದಲ್ಲೂ ವಾರಸುದಾರರಲ್ಲ ಎಂಬುದೂ ಗೊತ್ತಿರಲಿ. ದೂರಿನ ಮೇಲೆ ದೂರು ಹೂಡುತ್ತ ವಿಚ್ಛೇದನದ ಅರ್ಜಿಯನ್ನೇ ಹಾಕದೆ ವರ್ಷಗಳನ್ನು ಕಳೆದ ಸೈನಿಕರಿದ್ದಾರೆ. ಅವರನ್ನು ನೆನೆದೇ ನಾನು ಕೌಟುಂಬಿಕ ನ್ಯಾಯಾಲಯ ಮೊದಲು ಎಂದದ್ದು.

ಸಹಾಯ ಎಲ್ಲಿ ಸಿಗುತ್ತದೆ ಎಂಬುದನ್ನು ಹೇಳಿ ನಿಲ್ಲಿಸುತ್ತೇನೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ರಾಷ್ಟ್ರೀಯ ಪ್ರಾಧಿಕಾರವು 2025ರ ಜುಲೈನಲ್ಲಿ ಸೈನಿಕ ಕುಟುಂಬಗಳಿಗೆಂದೇ ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿದೆ. ಸೈನಿಕ ಮಂಡಳಿಗಳ ಕಚೇರಿಯಲ್ಲೇ ಕಾನೂನು ನೆರವು ಒದಗಿಸುವುದು ಅದರ ಉದ್ದೇಶ. ಕೊಡಗು, ಬೆಳಗಾವಿ, ಹಾಸನ, ಧಾರವಾಡದಂಥ ಜಿಲ್ಲೆಗಳಲ್ಲಿ ಆ ಕಚೇರಿಗೆ ಬರುವವರು ಕನ್ನಡದಲ್ಲಿ ವಿವರಿಸಬಲ್ಲ, 219ನೇ ಕಲಮಿನ ಅಧಿಕಾರಪತ್ರವನ್ನು ಬರೆದುಕೊಡಬಲ್ಲ ಒಬ್ಬರನ್ನು ಹುಡುಕುತ್ತಾರೆ. ಇಲ್ಲಿರುವ ಅಂತಿಮ ವರ್ಷದ ಕಾನೂನು ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ: ತಿಂಗಳಿಗೊಂದು ಶನಿವಾರ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕುಳಿತುಕೊಳ್ಳಿ. ಕಾಲೇಜಿನ ಪ್ರಾಂಶುಪಾಲರು ಅದಕ್ಕೆ ಹಾಜರಾತಿ ಕೊಡುವ ಮನಸ್ಸು ಮಾಡಬೇಕು.